ಹಳೇ ಬೈಕಿನ ಕರೆಂಟ್ ತೊಂದರೆ: ಪಾರ್ಟು ಬದಲಿಸುವ ಮೊದಲು ಅಳೆದು ನೋಡಿ

ಚಿಕ್ಕಮಗಳೂರು ಕಡೆ ಹಳೇ ಬೈಕುಗಳಿಗೆ ಇನ್ನೂ ಕೆಲಸ ಇದೆ. ಮೂಡಿಗೆರೆ, ಕೊಪ್ಪ, ಬಾಳೆಹೊನ್ನೂರು, ಎಲ್ಲಿಗೇ ಹೋಗಿ, ತೋಟದ ದಾರಿಯಲ್ಲಿ ಹಳೇ ಸ್ಪ್ಲೆಂಡರ್, ಆರ್‌ಎಕ್ಸ್ 100, ಪಾಯಿಂಟ್ ಸೆಟ್ಟಿನ (ತೆರೆದು ಮುಚ್ಚುವ ಲೋಹದ ತುದಿಗಳಿಂದ ಕಿಡಿ ಹುಟ್ಟಿಸುವ) ಬುಲೆಟ್ ಎದುರಾಗುತ್ತವೆ. 1961ರಿಂದ 1996ರವರೆಗೆ ನಮ್ಮ ಮೈಸೂರಿನಲ್ಲೇ ತಯಾರಾಗುತ್ತಿದ್ದ ಜಾವಾ, ಯೆಜ್ಡಿಗಳನ್ನೂ ಕೆಲವರು ಜೋಪಾನ ಮಾಡಿಟ್ಟಿದ್ದಾರೆ. ಇವುಗಳ ಎಂಜಿನ್ ಗಟ್ಟಿ. ಕೈ ಕೊಡುವುದು ಹೆಚ್ಚಾಗಿ ಕರೆಂಟ್. ಜೂನ್‌ನಲ್ಲಿ ಮಳೆ ಹಿಡಿದ ಮೇಲಂತೂ ಒಂದು ದಿನ ಹಾರ್ನ್ ಇಲ್ಲ, ಇನ್ನೊಂದು ದಿನ ಇಂಡಿಕೇಟರ್ ಇಲ್ಲ, ಮತ್ತೊಂದು ದಿನ ಬೈಕೇ ಸ್ಟಾರ್ಟ್ ಇಲ್ಲ.

ಆಗ ಸಾಮಾನ್ಯವಾಗಿ ಏನಾಗುತ್ತದೆ? ಮೊದಲು ಸಿಡಿಐ (ಪ್ಲಗ್ಗಿನ ಕಿಡಿಗೆ ಸಮಯ ನೋಡಿ ಕರೆಂಟ್ ಬಿಡುವ ಎಲೆಕ್ಟ್ರಾನಿಕ್ ಡಬ್ಬಿ) ಬದಲಾಗುತ್ತದೆ. ಸರಿ ಹೋಗಲಿಲ್ಲ ಅಂದರೆ ಕಿಡಿಗೆ ವೋಲ್ಟ್ ಏರಿಸುವ ಕಾಯಿಲ್. ಆಮೇಲೆ ಬ್ಯಾಟರಿ. ದುಡ್ಡು ಹೋಗುತ್ತದೆ, ತೊಂದರೆ ಹಾಗೇ ಉಳಿಯುತ್ತದೆ. ಹಳೇ ಬೈಕಿನಲ್ಲಿ ಪಾರ್ಟು ನಿಜವಾಗಿ ಸತ್ತಿರುವುದು ಕಡಿಮೆ. ದೋಷ ಇರುವುದು ಜಾಯಿಂಟಿನಲ್ಲಿ, ಸಾಕೆಟ್ಟಿನಲ್ಲಿ, ಕರೆಂಟನ್ನು ಚಾಸಿಯ ಮೂಲಕ ವಾಪಸ್ ತರುವ ಅರ್ಥ್ ವೈರಿನಲ್ಲಿ. ಅದನ್ನು ಮನೆಯಲ್ಲೇ ಹುಡುಕಬಹುದು. ಆದರೆ ಒಂದು ಕ್ರಮ ಬೇಕು.

ನಮ್ಮ ಕಡೆ ಯಾಕೆ ಇಷ್ಟು ತೊಂದರೆ

ತಾಮ್ರದ ತಂತಿಯ ತುದಿಗೆ ತೇವ ತಾಗಿದರೆ ಹಸಿರು ಕಿಲುಬು ಹಿಡಿಯುತ್ತದೆ. ಕಿಲುಬಿನ ಮೂಲಕ ಕರೆಂಟ್ ಸರಿಯಾಗಿ ಹರಿಯುವುದಿಲ್ಲ. ಮಲೆನಾಡಿನಲ್ಲಿ ಮಳೆ ನಿಂತ ಮೇಲೂ ಮಂಜು ಇರುತ್ತದೆ, ತೋಟದೊಳಗೆ ನೆಲ ಒಣಗುವುದೇ ಇಲ್ಲ. ಶೀಟಿನ ಶೆಡ್ಡಿನಲ್ಲಿ ನಿಲ್ಲಿಸಿದ ಬೈಕಿನ ಸಾಕೆಟ್ಟುಗಳು ಒಳಗೊಳಗೇ ಬೆವರುತ್ತವೆ.

ಇನ್ನೊಂದು ಕಾರಣವನ್ನು ಜನ ಗಮನಿಸುವುದಿಲ್ಲ. ನಾವು ಬೈಕಿನ ಮೇಲೆ ಪೊಟ್ಯಾಷ್ ಗೊಬ್ಬರದ ಚೀಲ ತರುತ್ತೇವೆ. ಪೊಟ್ಯಾಷ್ ಅಂದರೆ ಒಂದು ಬಗೆಯ ಉಪ್ಪೇ. ಅದು ಗಾಳಿಯ ತೇವ ಎಳೆದುಕೊಂಡು ಲೋಹ ತಿನ್ನುತ್ತದೆ. ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಸಿಂಪಡಣೆಗೆ ತರುವ ಮೈಲುತುತ್ತ ಇನ್ನೂ ಕೆಟ್ಟದ್ದು. ಅದರ ನೀರು ಕಬ್ಬಿಣ, ಅಲ್ಯೂಮಿನಿಯಂ ಎರಡನ್ನೂ ತಿನ್ನುತ್ತದೆ. ಹಿಂದಿನ ಲೈಟಿನ ವೈರು, ಬ್ಯಾಟರಿ ಡಬ್ಬಿಯ ಬೋಲ್ಟು ಬೇಗ ಹಾಳಾಗುವುದು ಇದರಿಂದಲೇ. ಚೀಲ ತಂದ ದಿನ ಸೀಟಿನ ಹಿಂಭಾಗವನ್ನು ನೀರು ಹಾಕಿ ತೊಳೆದು ಒರೆಸಿ. ಪ್ರೆಷರ್ ಪಂಪಿನಲ್ಲಿ ಬೇಡ. ಆ ನೀರು ಸಾಕೆಟ್ಟಿನೊಳಗೇ ನುಗ್ಗುತ್ತದೆ.

ಯಾವ ಕರೆಂಟ್ ಎಲ್ಲಿಂದ ಬರುತ್ತದೆ

ಇದು ಗೊತ್ತಿದ್ದರೆ ಅರ್ಧ ಕೆಲಸ ಮುಗಿಯಿತು. ಹಳೇ ಬೈಕಿನಲ್ಲಿ ಮೂರು ಬೇರೆ ಬೇರೆ ದಾರಿಗಳಿವೆ.

ಒಂದು, ಪ್ಲಗ್ಗಿಗೆ ಕಿಡಿ ಕೊಡುವ ದಾರಿ. ಹಳೇ ಸ್ಪ್ಲೆಂಡರ್, ಆರ್‌ಎಕ್ಸ್ 100ಗಳಲ್ಲಿ ಇದಕ್ಕೆ ಬ್ಯಾಟರಿಯೇ ಬೇಕಿಲ್ಲ. ಎಂಜಿನ್ ಜೊತೆ ತಿರುಗಿ ಕರೆಂಟ್ ಹುಟ್ಟಿಸುವ ಮ್ಯಾಗ್ನೆಟ್ ಒಳಗಿನ ಕಾಯಿಲ್ ನೇರವಾಗಿ ಸಿಡಿಐಗೆ ಕರೆಂಟ್ ಕೊಡುತ್ತದೆ. ಹಾಗಾಗಿ ಇಂಥ ಬೈಕ್ ಸ್ಟಾರ್ಟ್ ಆಗದಿದ್ದರೆ ಬ್ಯಾಟರಿ ಬದಲಿಸುವುದು ಶುದ್ಧ ದಂಡ. ಪಾಯಿಂಟ್ ಸೆಟ್ಟಿನ ಬುಲೆಟ್ಟಿನಲ್ಲಿ ಇದು ಉಲ್ಟಾ. ಅಲ್ಲಿ ಕಿಡಿಗೆ ಬ್ಯಾಟರಿ ಬೇಕು. ಬ್ಯಾಟರಿ ಇಳಿದರೆ ಕಿಕ್ ಹೊಡೆದು ಹೊಡೆದು ಕಾಲು ನೋಯುತ್ತದೆ ಅಷ್ಟೇ.

ಎರಡು, ಹೆಡ್‌ಲೈಟ್. ಅನೇಕ ಹಳೇ ಚಿಕ್ಕ ಬೈಕುಗಳಲ್ಲಿ ಇದೂ ಮ್ಯಾಗ್ನೆಟ್‌ನಿಂದ ನೇರವಾಗಿ ಬರುವ ಎಸಿ ಕರೆಂಟಿನಲ್ಲಿ ಉರಿಯುತ್ತದೆ. ಐಡಲ್‌ನಲ್ಲಿ ಮಂಕಾಗಿ, ಆಕ್ಸಿಲರೇಟರ್ ಕೊಟ್ಟಾಗ ಜೋರಾಗಿ ಉರಿಯುವುದು ಇಲ್ಲಿ ದೋಷ ಅಲ್ಲ. ಹಾಗೇ ಮಾಡಿದ್ದಾರೆ.

ಮೂರು, ಬ್ಯಾಟರಿ ದಾರಿ. ಹಾರ್ನ್, ಇಂಡಿಕೇಟರ್, ಬ್ರೇಕ್ ಲೈಟ್ ಇದರಲ್ಲಿ ನಡೆಯುತ್ತವೆ.

ಈಗ ನಿಮ್ಮ ಬೈಕಿನಲ್ಲಿ ಏನು ಕೆಟ್ಟಿದೆ ಎಂದು ನೋಡಿ. ಹಾರ್ನ್, ಇಂಡಿಕೇಟರ್, ಬ್ರೇಕ್ ಲೈಟ್ ಮೂರೂ ಒಟ್ಟಿಗೆ ಹೋದರೆ ಮೂರೂ ಪಾರ್ಟು ಒಂದೇ ದಿನ ಸತ್ತಿರಲು ಸಾಧ್ಯ ಇಲ್ಲ, ಅಲ್ವಾ? ಫ್ಯೂಸ್, ಬ್ಯಾಟರಿ ಅಥವಾ ಕೀ ಸ್ವಿಚ್ ನೋಡಿ. ಒಂದೇ ಒಂದು ಹೋದರೆ ಅದರ ಬಲ್ಬು, ಸ್ವಿಚ್, ಅರ್ಥ್ ನೋಡಿ.

ಕೈಯಲ್ಲಿ ಏನಿರಬೇಕು

ಒಂದು ಸಾದಾ ಡಿಜಿಟಲ್ ಮಲ್ಟಿಮೀಟರ್. ಕೆಲವು ನೂರು ರೂಪಾಯಿಗೆ ಸಿಗುತ್ತದೆ. 10 ವ್ಯಾಟಿನ ಇಂಡಿಕೇಟರ್ ಬಲ್ಬಿಗೆ ಎರಡು ವೈರ್ ಕಟ್ಟಿದ ಟೆಸ್ಟ್ ಲ್ಯಾಂಪ್. ಸಣ್ಣ ಎಮರಿ ಪೇಪರ್, ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ, ಹಳೇ ಟೂತ್‌ಬ್ರಷ್. ಇಷ್ಟು ಸಾಕು.

ಮೀಟರ್ ಇದ್ದ ಮೇಲೆ ಟೆಸ್ಟ್ ಲ್ಯಾಂಪ್ ಯಾಕೆ ಎಂದು ಕೇಳಬಹುದು. ಕಾಫಿ ತೋಟದ ಸ್ಪ್ರಿಂಕ್ಲರ್ ಲೈನ್ ನೆನಪಿಸಿಕೊಳ್ಳಿ. ಪೈಪ್ ಅರ್ಧ ಕಟ್ಟಿಕೊಂಡಿದ್ದರೂ ಜೆಟ್ ಮುಚ್ಚಿದಾಗ ಗೇಜ್ ಪೂರ್ತಿ ಪ್ರೆಷರ್ ತೋರಿಸುತ್ತದೆ. ಜೆಟ್ ತೆರೆದರೆ ಮಾತ್ರ ನಿಜ ಗೊತ್ತಾಗುತ್ತದೆ. ವೈರೂ ಹಾಗೇ. ಒಳಗೆ ಒಂದೇ ಎಳೆ ಉಳಿದಿದ್ದರೂ ಮೀಟರ್ 12 ವೋಲ್ಟ್ ತೋರಿಸುತ್ತದೆ. ಬಲ್ಬ್ ಹಾಕಿದರೆ ಮಂಕಾಗಿ ಉರಿದು ಸತ್ಯ ಹೇಳುತ್ತದೆ. ಲೋಡ್ ಹಾಕದೆ ತೆಗೆದ ಅಳತೆಯನ್ನು ನಂಬಬೇಡಿ.

ಬ್ಯಾಟರಿ

12 ವೋಲ್ಟ್ ಬ್ಯಾಟರಿಯನ್ನು ಕೆಲವು ಗಂಟೆ ಸುಮ್ನೆ ಬಿಟ್ಟು ಅಳೆಯಿರಿ. 12.6ಕ್ಕಿಂತ ಮೇಲಿದ್ದರೆ ತುಂಬಿದೆ. 12.4ರ ಹತ್ತಿರ ಇದ್ದರೆ ಪರವಾಗಿಲ್ಲ. 12ಕ್ಕೆ ಇಳಿದಿದ್ದರೆ ಹೆಚ್ಚುಕಡಿಮೆ ಖಾಲಿ. 6 ವೋಲ್ಟ್ ಬೈಕಿನಲ್ಲಿ 6.3 ಇರಬೇಕು. ಆಮೇಲೆ ಹಾರ್ನ್ ಒತ್ತಿ ಮತ್ತೆ ಅಳೆಯಿರಿ. 12.6 ಇದ್ದದ್ದು ತಟ್ಟನೆ 10ಕ್ಕೆ ಬಿದ್ದರೆ ಬ್ಯಾಟರಿಯ ಒಳಗೇ ಶಕ್ತಿ ಇಲ್ಲ ಎಂದರ್ಥ.

ಆದರೆ ಅಳತೆಗೆ ಮೊದಲು ಟರ್ಮಿನಲ್ ನೋಡಿ. ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೆ ಅಡುಗೆ ಸೋಡಾ ಕಲಸಿದ ನೀರಿನಲ್ಲಿ ತೊಳೆದು ಒಣಗಿಸಿ. ಸೋಡಾ ನೀರು ಬ್ಯಾಟರಿಯ ಒಳಗೆ ಹೋಗಬಾರದು. ಹಿತ್ತಾಳೆ ಪಾತ್ರೆ ಉಜ್ಜಿದ ಹಾಗೆ ಹುಣಸೆಹಣ್ಣು, ನಿಂಬೆಹಣ್ಣು ಹಾಕಿ ಉಜ್ಜುವವರಿದ್ದಾರೆ. ಬೇಡ. ಆ ಹುಳಿ ಸಂದಿಯಲ್ಲಿ ಉಳಿದರೆ ಮತ್ತೆ ಅದೇ ತಿನ್ನುತ್ತದೆ. ಒಣಗಿದ ಮೇಲೆ ಬೋಲ್ಟ್ ಬಿಗಿ ಮಾಡಿ, ಮೇಲೆ ತೆಳುವಾಗಿ ವ್ಯಾಸಲಿನ್ ಹಚ್ಚಿ.

ಬ್ಯಾಟರಿ ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಪ್ಲಸ್ ಮೊದಲು. ಸ್ಪ್ಯಾನರ್ ಚಾಸಿಗೆ ತಾಗಿ ಕಿಡಿ ಹಾರುವುದು ಇದರಿಂದ ತಪ್ಪುತ್ತದೆ. ತುಂಬಾ ಹಳೇ ಬೈಕಾದರೆ ಬ್ಯಾಟರಿಯ ಯಾವ ತುದಿ ಚಾಸಿಗೆ ಹೋಗಿದೆ ಎಂದು ಮೊದಲು ನೋಡಿಕೊಳ್ಳಿ, ಕೆಲವಕ್ಕೆ ಪ್ಲಸ್ ಅರ್ಥ್ ಇರಬಹುದು. ಅಂಥದ್ದರಲ್ಲಿ ಚಾಸಿಗೆ ಹೋದ ತುದಿಯನ್ನೇ ಮೊದಲು ಬಿಚ್ಚಬೇಕು. ನೀರು ಹಾಕುವ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಮಾತ್ರ, ಬಾವಿ ನೀರು ಬೇಡ. ಚಾರ್ಜ್ ಆಗುವಾಗ ಜಲಜನಕ ಅನಿಲ ಬರುತ್ತದೆ. ಹತ್ತಿರ ಬೀಡಿ, ಬೆಂಕಿಕಡ್ಡಿ ಏನೂ ಬೇಡ. ಇನ್ನು ಎಷ್ಟು ಕರೆಂಟಿನಲ್ಲಿ ಚಾರ್ಜ್ ಮಾಡಬೇಕು ಎಂಬ ಲೆಕ್ಕ. ಆಂಪಿಯರ್-ಅವರ್‌ನ ಹತ್ತನೇ ಒಂದು ಭಾಗ. 2.5 ಎಎಚ್ (ಆಂಪಿಯರ್-ಅವರ್) ಬ್ಯಾಟರಿಗೆ 0.25 ಆಂಪಿಯರ್. ಜೀಪಿನ ಚಾರ್ಜರಿಗೆ ಸಿಕ್ಕಿಸಿದರೆ ಅದು ಕುದಿದು ಹೋಗುತ್ತದೆ.

ಅರ್ಥ್: ಇಲ್ಲಿ ಸಮಯ ಕೊಡಿ

ಕರೆಂಟ್ ಬಲ್ಬಿನವರೆಗೆ ಹೋದರೆ ಸಾಲದು, ವಾಪಸ್ ಬ್ಯಾಟರಿಗೆ ಬರಬೇಕು. ಬರುವ ದಾರಿ ಬೈಕಿನ ಚಾಸಿ. ಚಾಸಿಗೆ ಪೇಂಟ್ ಹೊಡೆಸಿದಾಗ ಅರ್ಥ್ ಬೋಲ್ಟಿನ ಜಾಗಕ್ಕೂ ಪೇಂಟ್ ಬೀಳುತ್ತದೆ. ಬೈಕ್ ಹೊಸದರ ಹಾಗೆ ಹೊಳೆಯುತ್ತದೆ, ಕರೆಂಟ್ ಮಾತ್ರ ಓಡುವುದಿಲ್ಲ. ರೀಸ್ಟೋರ್ ಮಾಡಿಸಿದ ಬೈಕುಗಳಲ್ಲಿ ನಾನು ಮೊದಲು ನೋಡುವುದೇ ಇದನ್ನು.

ಕೆಟ್ಟ ಅರ್ಥ್ ವಿಚಿತ್ರ ಲಕ್ಷಣ ತೋರಿಸುತ್ತದೆ. ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಿಣುಕುತ್ತದೆ. ಇಂಡಿಕೇಟರ್ ಹಾಕಿದರೆ ಹಿಂದಿನ ಲೈಟೂ ಜೊತೆಗೆ ಕಣ್ಣು ಮಿಟುಕಿಸುತ್ತದೆ. ಕರೆಂಟ್‌ಗೆ ತನ್ನ ದಾರಿ ಸಿಗದೆ ಬೇರೆ ಬಲ್ಬಿನ ಮೂಲಕ ವಾಪಸ್ ಹೋಗುತ್ತಿರುತ್ತದೆ. ಇಂಥದ್ದು ಕಂಡರೆ ಬಲ್ಬ್ ಬದಲಿಸಬೇಡಿ, ಅರ್ಥ್ ಹುಡುಕಿ.

ಅಳೆಯುವುದು ಸುಲಭ. ಮೀಟರನ್ನು ಡಿಸಿ ವೋಲ್ಟಿಗೆ ಇಡಿ. ಒಂದು ಕಡ್ಡಿ ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ಎಂಜಿನ್ನಿನ ಪೇಂಟ್ ಇಲ್ಲದ ಜಾಗಕ್ಕೆ. ಈಗ ಬ್ರೇಕ್ ಲೈಟ್ ಹಾಕಿ, ಹಾರ್ನ್ ಒತ್ತಿ. 0.2 ವೋಲ್ಟಿನ ಒಳಗೆ ಇದ್ದರೆ ಸರಿ. ಅರ್ಧ ವೋಲ್ಟ್, ಒಂದು ವೋಲ್ಟ್ ತೋರಿಸಿದರೆ ಅರ್ಥ್ ಹಾಳಾಗಿದೆ. ಇದನ್ನೇ ಹ್ಯಾಂಡಲ್, ಹೆಡ್‌ಲೈಟ್ ಡೂಮ್ (ಲೈಟಿನ ಹೊರ ಬಟ್ಟಲು), ಹಿಂದಿನ ಮಡ್‌ಗಾರ್ಡಿನಲ್ಲೂ ಮಾಡಿ. ಎಲ್ಲಿ ವೋಲ್ಟ್ ಏರುತ್ತದೋ ಅದಕ್ಕೂ ಬ್ಯಾಟರಿಗೂ ನಡುವೆ ದೋಷ ಇದೆ. ಬೋಲ್ಟ್ ಬಿಚ್ಚಿ, ಬರೀ ಲೋಹ ಕಾಣುವವರೆಗೆ ಉಜ್ಜಿ, ವ್ಯಾಸಲಿನ್ ಹಚ್ಚಿ ಬಿಗಿ ಮಾಡಿ. ನನ್ನ ಮಾತು ಕೇಳುವುದಾದರೆ ಬ್ಯಾಟರಿ ಮೈನಸ್ಸಿನಿಂದ ಎಂಜಿನ್ನಿಗೆ ಒಂದು, ಹೆಡ್‌ಲೈಟ್ ಡೂಮಿಗೆ ಒಂದು ಹೊಸ ವೈರ್ ನೇರವಾಗಿ ಎಳೆದುಬಿಡಿ. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಉಪಯೋಗ ಬೇರೆ ಯಾವ ಕೆಲಸದಲ್ಲೂ ಇಲ್ಲ.

ವೈರಿನ ಬಣ್ಣದ ಬಗ್ಗೆ ಒಂದು ಎಚ್ಚರಿಕೆ. ಸ್ಪ್ಲೆಂಡರಿನಂಥ ಬೈಕುಗಳ ಹೋಂಡಾ ಪದ್ಧತಿಯಲ್ಲಿ ಅರ್ಥ್ ಹಸಿರು. ಕಪ್ಪು ವೈರಿನಲ್ಲಿ ಕೀ ಹಾಕಿದಾಗ ಪ್ಲಸ್ ಕರೆಂಟ್ ಬರುತ್ತದೆ. ಆರ್‌ಎಕ್ಸ್ 100ರಂಥ ಯಮಹಾದಲ್ಲಿ ಕಪ್ಪು ವೈರೇ ಅರ್ಥ್, ಕೀ ಹಾಕಿದಾಗ ಬರುವ ಪ್ಲಸ್ ಕಂದು ಬಣ್ಣದ್ದು. ಆರ್‌ಎಕ್ಸ್ ಕೆಲಸ ಮಾಡಿದ ಅಭ್ಯಾಸದಲ್ಲಿ ಸ್ಪ್ಲೆಂಡರಿನ ಕಪ್ಪು ವೈರನ್ನು ಚಾಸಿಗೆ ಕೊಟ್ಟರೆ ಫ್ಯೂಸ್ ಹಾರುತ್ತದೆ.

ಕಿಡಿ ಬರುತ್ತಿಲ್ಲ

ಪ್ಲಗ್ ಬಿಚ್ಚಿ ಕ್ಯಾಪಿಗೆ ಸಿಕ್ಕಿಸಿ. ಅದರ ಲೋಹದ ಮೈಯನ್ನು ಎಂಜಿನ್ ಹೆಡ್ಡಿಗೆ ಒತ್ತಿ ಹಿಡಿದು ಕಿಕ್ ಹೊಡೆಯಿರಿ. ರಬ್ಬರ್ ಹಿಡಿಯ ಪಕ್ಕಡ್ ಬಳಸಿ, ಕೈಯಲ್ಲಿ ಹಿಡಿಯಬೇಡಿ. ಪ್ಲಗ್ ತೂತಿನಿಂದ ದೂರ ಇರಲಿ, ಅಲ್ಲಿಂದ ಪೆಟ್ರೋಲ್ ಆವಿ ಬರುತ್ತದೆ. ಚಟಚಟ ಸದ್ದಿನ ನೀಲಿ ಕಿಡಿ ಬಂದರೆ ದೋಷ ಪೆಟ್ರೋಲ್ ಕಡೆ ಇದೆ. ಕೆಂಪು, ಸಣ್ಣ ಕಿಡಿ ಬಂದರೆ ಅಥವಾ ಏನೂ ಬರದಿದ್ದರೆ ಮುಂದೆ ಓದಿ. ಪ್ಲಗ್ ಅರ್ಥ್ ಆಗದೆ ಗಾಳಿಯಲ್ಲಿ ನೇತಾಡುವಾಗ ಕಿಕ್ ಹೊಡೆಯಬಾರದು. ಸಿಡಿಐ, ಕಾಯಿಲ್ ಹಾಳಾಗಬಹುದು.

ಮೊದಲು ಹೊಸ ಪ್ಲಗ್. ಗ್ಯಾಪ್ 0.6ರಿಂದ 0.7 ಮಿ.ಮೀ. ಇದ್ದರೆ ಹೆಚ್ಚಿನ ಹಳೇ ಬೈಕುಗಳಿಗೆ ಸರಿ. ಆಮೇಲೆ ಕ್ಯಾಪ್. ಮಳೆಯಲ್ಲಿ ಮಾತ್ರ ನಿಲ್ಲುವ ಬೈಕಿನಲ್ಲಿ ಅನುಮಾನ ಮೊದಲು ಹೋಗಬೇಕಾದದ್ದು ಇಲ್ಲಿಗೇ. ಚಾರ್ಮಾಡಿ ಹತ್ತುವಾಗ ಮಳೆಗೆ ಬೈಕ್ ಕೆಮ್ಮುತ್ತದೆ, ಕೊಟ್ಟಿಗೆಹಾರದಲ್ಲಿ ಒಣಗಿಸಿಕೊಂಡರೆ ಹೊರಡುತ್ತದೆ ಎಂದರೆ ಕಿಡಿ ಕ್ಯಾಪಿನಿಂದ ಅಥವಾ ದಪ್ಪ ಪ್ಲಗ್ ವೈರಿನಿಂದ ಹೊರಗೆ ಸೋರುತ್ತಿದೆ. ರಾತ್ರಿ ಲೈಟ್ ಆರಿಸಿ, ಎಂಜಿನ್ ಚಾಲೂ ಇಟ್ಟು, ಕ್ಯಾಪಿನ ಮೇಲೆ ನೀರು ಚಿಮುಕಿಸಿ ನೋಡಿ. ನೀಲಿ ಕಿಡಿ ಹೊರಗೇ ಹರಿದಾಡುವುದು ಕಣ್ಣಿಗೆ ಕಾಣುತ್ತದೆ. ಎಂಜಿನ್ ಓಡುವಾಗ ಕೈ ತಾಗಿಸಬೇಡಿ. ತಿರುಗಿಸಿ ಹಾಕುವ ಕ್ಯಾಪಾದರೆ ಅದನ್ನು ಬಿಚ್ಚಿ, ಕಪ್ಪಾದ ವೈರ್ ತುದಿಯನ್ನು ಅರ್ಧ ಸೆಂಟಿಮೀಟರ್ ಕತ್ತರಿಸಿ ಮತ್ತೆ ಹಾಕಿ. ಕ್ಯಾಪ್ ಬಿರುಕು ಬಿಟ್ಟಿದ್ದರೆ ಹೊಸದು ಹಾಕಿ. ಅದರ ಬೆಲೆ ಕಡಿಮೆ.

ಆಗಲೂ ಕಿಡಿ ಇಲ್ಲವಾ? ಸಿಡಿಐ ಬೈಕುಗಳಲ್ಲಿ ಎಂಜಿನ್ ಆಫ್ ಮಾಡುವ ವೈರ್ ಒಂದಿರುತ್ತದೆ. ಸಾಮಾನ್ಯವಾಗಿ ಕಪ್ಪು-ಬಿಳಿ ಗೆರೆಯದ್ದು. ಕೀ ಆಫ್ ಮಾಡಿದಾಗ ಈ ವೈರ್ ಅರ್ಥ್ ಆಗಿ ಕಿಡಿ ನಿಲ್ಲುತ್ತದೆ. ಕೀ ಸ್ವಿಚ್ಚಿನೊಳಗೆ ನೀರು ಹೋದರೆ, ಅಥವಾ ಈ ವೈರ್ ಉಜ್ಜಿ ಚಾಸಿಗೆ ತಾಗಿದರೆ, ಕೀ ಆನ್ ಇದ್ದರೂ ಎಂಜಿನ್ ಆಫ್ ಆದ ಹಾಗೇ. ಸಿಡಿಐ ಹತ್ತಿರ ಆ ಒಂದು ವೈರ್ ಬಿಚ್ಚಿ ಕಿಕ್ ಹೊಡೆಯಿರಿ. ಕಿಡಿ ಬಂತು ಎಂದರೆ ಸಿಡಿಐ, ಕಾಯಿಲ್, ಮ್ಯಾಗ್ನೆಟ್ ಎಲ್ಲ ಚೆನ್ನಾಗಿವೆ. ಸ್ವಿಚ್ಚಿಗೆ ಕ್ಲೀನರ್ ಹೊಡೆದರೆ ಆಗಬಹುದು. ಎಷ್ಟೋ ಸಿಡಿಐಗಳು ಈ ಒಂದು ಪರೀಕ್ಷೆ ಮಾಡದ ಕಾರಣಕ್ಕೆ ಕಸಕ್ಕೆ ಹೋಗಿವೆ. ಒಂದು ನೆನಪಿರಲಿ, ಆ ವೈರ್ ಬಿಚ್ಚಿದಾಗ ಕೀಯಿಂದ ಎಂಜಿನ್ ನಿಲ್ಲುವುದಿಲ್ಲ. ಬ್ರೇಕ್ ಹಿಡಿದು ಟಾಪ್ ಗೇರಿನಲ್ಲಿ ಕ್ಲಚ್ ನಿಧಾನಕ್ಕೆ ಬಿಟ್ಟು ನಿಲ್ಲಿಸಬೇಕು.

ಆಮೇಲೆ ಮ್ಯಾಗ್ನೆಟ್‌ನಿಂದ ಬರುವ ವೈರುಗಳು. ಇವು ಮುಂದಿನ ಚೈನ್ ಸ್ಪ್ರಾಕೆಟ್ ಪಕ್ಕದಲ್ಲೇ ಹಾದು ಬರುತ್ತವೆ. ಕ್ಲಿಪ್ ಕಳಚಿದರೆ ಚೈನಿಗೆ ಉಜ್ಜಿ ಹರಿಯುತ್ತವೆ. ಅದು ಸರಿ ಇದ್ದರೆ ಓಮ್ ಅಳತೆ ತೆಗೆಯಿರಿ. ಕಾಯಿಲ್‌ನಲ್ಲಿ ಮೀಟರ್ ಏನೂ ತೋರಿಸದಿದ್ದರೆ ಒಳಗೆ ತಂತಿ ಕಟ್ ಆಗಿದೆ. ಎಷ್ಟು ಓಮ್ ಇರಬೇಕು ಎನ್ನುವುದು ಬೈಕಿನಿಂದ ಬೈಕಿಗೆ ಬೇರೆ, ನಿಮ್ಮ ಮಾಡೆಲ್ಲಿನ ಸರ್ವಿಸ್ ಮ್ಯಾನುಯಲ್ ನೋಡಿ. ಬಿಸಿಯಾದಾಗ ನಿಂತು, ಅರ್ಧ ಗಂಟೆ ತಣ್ಣಗಾದರೆ ಮತ್ತೆ ಸ್ಟಾರ್ಟ್ ಆಗುವ ಬೈಕನ್ನು ಬಿಸಿ ಇರುವಾಗಲೇ ಅಳೆಯಬೇಕು. ತಣ್ಣಗಿದ್ದಾಗ ಎಲ್ಲ ಸರಿಯಾಗೇ ತೋರಿಸುತ್ತದೆ.

ಪಾಯಿಂಟ್ ಬೈಕಿನವರಿಗೆ ಕೆಲಸ ಬೇರೆ. ಬುಲೆಟ್ಟಿನಲ್ಲಿ ಪಾಯಿಂಟ್ ಪೂರ್ತಿ ತೆರೆದಾಗ ಗ್ಯಾಪ್ 0.35ರಿಂದ 0.40 ಮಿ.ಮೀ., ಜಾವಾದಲ್ಲಿ 0.4 ಮಿ.ಮೀ. ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಪಟ್ಟಿ) ಹಾಕಿ ನೋಡಿ. ಪಾಯಿಂಟನ್ನು ಸಣ್ಣ ಎಮರಿಯಲ್ಲಿ ಉಜ್ಜಿದ ಮೇಲೆ ಪೆಟ್ರೋಲಿನಲ್ಲಿ ಅದ್ದಿದ ದಪ್ಪ ಕಾಗದ ಎಳೆದು ಸ್ವಚ್ಛ ಮಾಡಿ. ಎಮರಿ ಪುಡಿ ಉಳಿದರೆ ಕಿಡಿ ಬರುವುದಿಲ್ಲ. ಪೆಟ್ರೋಲ್ ಒಣಗುವವರೆಗೆ ಕೀ ಹಾಕಬೇಡಿ. ಪಾಯಿಂಟಿನ ಬಾಯಲ್ಲಿ ದೊಡ್ಡ ಕಿಡಿ ಹಾರುತ್ತಾ ಪ್ಲಗ್ಗಿನಲ್ಲಿ ಕಿಡಿ ಬಡವಾಗಿದ್ದರೆ ಪಾಯಿಂಟಿನ ಕಿಡಿ ತಡೆಯುವ ಕಂಡೆನ್ಸರ್ ಹೋಗಿದೆ.

ಚಾರ್ಜ್ ಆಗುತ್ತಿಲ್ಲ

ತುಂಬಿದ ಬ್ಯಾಟರಿ ಹಾಕಿ, ಎಂಜಿನ್ ಚಾಲೂ ಮಾಡಿ, ಬ್ಯಾಟರಿ ತುದಿಗಳಲ್ಲೇ ಅಳೆಯಿರಿ. ಆಕ್ಸಿಲರೇಟರ್ ಕೊಟ್ಟಾಗ 13.5ರಿಂದ 14.5 ವೋಲ್ಟ್ ಬರಬೇಕು. 6 ವೋಲ್ಟಿನದ್ದಾದರೆ ಸುಮಾರು 7ರ ಮೇಲೆ. 15 ದಾಟಿದರೆ ವೋಲ್ಟನ್ನು ಮಿತಿಯಲ್ಲಿಡುವ ರೆಗ್ಯುಲೇಟರ್ ಕೆಟ್ಟಿದೆ, ಬ್ಯಾಟರಿ ನೀರು ಬೇಗ ಖಾಲಿಯಾಗುತ್ತದೆ. ಏರುವುದೇ ಇಲ್ಲ ಎಂದರೆ ಎಸಿ ಕರೆಂಟನ್ನು ಡಿಸಿ ಮಾಡುವ ರೆಕ್ಟಿಫೈಯರ್‌ನ ಸಾಕೆಟ್ ಬಿಚ್ಚಿ ನೋಡಿ. ಕಂದು ಬಣ್ಣಕ್ಕೆ ತಿರುಗಿದ, ಕರಗಿದ ಪಿನ್ ಸಿಕ್ಕರೆ ಅದೇ ಕಾರಣ.

ಬುಲೆಟ್ಟಿನವರಿಗೆ ಆಮೀಟರ್ ಇದೆ. ವೇಗ ಹೆಚ್ಚಿದರೂ ಮುಳ್ಳು ಮೈನಸ್ ಕಡೆಯೇ ನಿಂತರೆ ಚಾರ್ಜ್ ಇಲ್ಲ. ಡೈನಮೋ ಇರುವ ಜಾವಾ, ಯೆಜ್ಡಿಯಲ್ಲಿ ಕೆಂಪು ದೀಪ ಆರದಿದ್ದರೆ ಬ್ರಷ್ ಮತ್ತು ಕಟ್‌ಔಟ್ (ಚಾರ್ಜ್ ಇಲ್ಲದಾಗ ಬ್ಯಾಟರಿಯನ್ನು ಡೈನಮೋದಿಂದ ಬೇರ್ಪಡಿಸುವ ಸ್ವಿಚ್) ನೋಡಿಸಿ.

ರಾತ್ರಿ ನಿಲ್ಲಿಸಿದ ಬೈಕಿನ ಬ್ಯಾಟರಿ ಬೆಳಿಗ್ಗೆ ಇಳಿದಿರುತ್ತದಾ? ಕೀ ಆಫ್ ಮಾಡಿ, ಮೈನಸ್ ವೈರ್ ಬಿಚ್ಚಿ, ನಡುವೆ ಮೀಟರನ್ನು ಆಂಪಿಯರ್‌ಗೆ ಇಟ್ಟು ಸೇರಿಸಿ. ಹಳೇ ಬೈಕಿನಲ್ಲಿ ಗಡಿಯಾರ, ಅಲಾರಾಂ ಏನೂ ಇಲ್ಲ, ಸೊನ್ನೆ ಬರಬೇಕು. ಬರದಿದ್ದರೆ ರೆಕ್ಟಿಫೈಯರ್ ಸಾಕೆಟ್ ಬಿಚ್ಚಿ. ಆಗ ಸೊನ್ನೆಯಾದರೆ ಅದರೊಳಗಿನ ಡಯೋಡ್ ಸೋರುತ್ತಿದೆ.

ಬಲ್ಬು, ಫ್ಯೂಸು

ಬಲ್ಬುಗಳು ಮೇಲಿಂದ ಮೇಲೆ ಸುಟ್ಟು ಹೋಗುತ್ತಿದ್ದರೆ ಬಲ್ಬಿನ ಕಂಪನಿಯನ್ನು ಬೈಯಬೇಡಿ. ಎಸಿ ಹೆಡ್‌ಲೈಟಿನಲ್ಲಿ ವೋಲ್ಟ್ ಏರದ ಹಾಗೆ ತಡೆಯುವುದು ರೆಗ್ಯುಲೇಟರ್. ಅದರ ಅರ್ಥ್ ಬೋಲ್ಟ್ ಸಡಿಲವಾದರೂ ಸಾಕು, ಬಲ್ಬುಗಳು ಹೋಗುತ್ತವೆ. ಬೋಲ್ಟ್ ಬಿಗಿ ಮಾಡಿ ನೋಡಿ, ಆಮೇಲೆ ಹೊಸದು ತನ್ನಿ.

ಫ್ಯೂಸ್ ಹಾಕಿದ ಕೂಡಲೇ ಹಾರುತ್ತಿದ್ದರೆ ದಪ್ಪ ತಂತಿ, ಸಿಗರೇಟ್ ಪ್ಯಾಕಿನ ಹಾಳೆ ಹಾಕುವುದು ಬೆಂಕಿಗೆ ದಾರಿ. ಪೆಟ್ರೋಲ್ ಟ್ಯಾಂಕಿನ ಕೆಳಗೇ ಆ ವೈರ್ ಇರುವುದು. ಬದಲಿಗೆ ಫ್ಯೂಸ್ ಜಾಗಕ್ಕೆ ಹಳೇ ಹೆಡ್‌ಲೈಟ್ ಬಲ್ಬನ್ನು ಎರಡು ವೈರಿನಿಂದ ಸೇರಿಸಿ. ಶಾರ್ಟ್ ಇದ್ದರೆ ಬಲ್ಬ್ ಜೋರಾಗಿ ಉರಿಯುತ್ತದೆ, ಆದರೆ ಏನೂ ಸುಡುವುದಿಲ್ಲ. ಈಗ ಹಾರ್ನ್, ಹಿಂದಿನ ಲೈಟ್, ಇಂಡಿಕೇಟರ್ ಸಾಕೆಟ್ಟುಗಳನ್ನು ಒಂದೊಂದಾಗಿ ಬಿಚ್ಚುತ್ತಾ ಹೋಗಿ. ಯಾವುದನ್ನು ಬಿಚ್ಚಿದಾಗ ಬಲ್ಬ್ ಮಂಕಾಯಿತೋ ಅದೇ ಲೈನಿನಲ್ಲಿ ವೈರ್ ಚಾಸಿಗೆ ತಾಗಿದೆ.

ಆಗಾಗ ಬಂದು ಹೋಗುವ ದೋಷಕ್ಕೆ ಹ್ಯಾಂಡಲ್ ಎಡಕ್ಕೆ ಬಲಕ್ಕೆ ಪೂರ್ತಿ ತಿರುಗಿಸಿ. ತಿರುಗಿಸುವಾಗ ಹಾರ್ನ್ ಸದ್ದು ಬದಲಾದರೆ ಹ್ಯಾಂಡಲ್ ಕುತ್ತಿಗೆಯ ಹತ್ತಿರ ಒಳಗೆ ತಂತಿ ತುಂಡಾಗಿದೆ. ಅಲ್ಲಿಯ ವೈರುಗಳನ್ನು ಒಂದೊಂದಾಗಿ ಮೆಲ್ಲಗೆ ಎಳೆಯಿರಿ. ತುಂಡಾದದ್ದು ರಬ್ಬರಿನ ಹಾಗೆ ಹಿಗ್ಗುತ್ತದೆ.

ರಿಪೇರಿ ಹೇಗಿರಬೇಕು

ತಂತಿ ಹೊಸೆದು ಇನ್ಸುಲೇಶನ್ ಟೇಪ್ ಸುತ್ತುವುದು ಮಲೆನಾಡಿಗೆ ಆಗದ ಕೆಲಸ. ಟೇಪಿನ ಅಂಟು ಬಿಡುತ್ತದೆ, ಒಳಗೆ ನೀರು ನಿಲ್ಲುತ್ತದೆ. ಸೋಲ್ಡರ್ ಮಾಡಿ ಹೀಟ್ ಶ್ರಿಂಕ್ ಟ್ಯೂಬ್ (ಬಿಸಿಗೆ ಕುಗ್ಗಿ ಬಿಗಿಯಾಗುವ ಕೊಳವೆ) ಹಾಕಿ, ಇಲ್ಲವೇ ಒಳ್ಳೆ ಪಿನ್ ಒತ್ತಿ ಹಾಕಿ. ವೈರಿನ ತುದಿಯನ್ನು ಸುಲಿದಾಗ ತಾಮ್ರ ಕಪ್ಪಾಗಿದ್ದರೆ ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಬೇಕು. ಕಪ್ಪು ತಂತಿಗೆ ಸೋಲ್ಡರ್ ಹಿಡಿಯುವುದಿಲ್ಲ. ಸಾಕೆಟ್ಟಿಗೆ ಹೋಗುವ ವೈರ್ ಸ್ವಲ್ಪ ಕೆಳಗೆ ಬಾಗಿ ಆಮೇಲೆ ಮೇಲೆ ಹೋಗುವಂತೆ ಕಟ್ಟಿ. ವೈರಿನ ಮೇಲೆ ಹರಿದ ನೀರು ಬಾಗಿದ ಜಾಗದಲ್ಲೇ ತೊಟ್ಟಿಕ್ಕುತ್ತದೆ, ಸಾಕೆಟ್ಟಿಗೆ ಹೋಗುವುದಿಲ್ಲ. ಹಾಗೇ ಸೀಟಿನ ಕೆಳಗೆ ಇಲಿ ಗೂಡು, ಹಾರ್ನಿನೊಳಗೆ ಕಣಜದ ಮಣ್ಣು ಇದೆಯಾ ನೋಡಿ. ತೋಟದ ಶೆಡ್ಡಿನಲ್ಲಿ ಎರಡೂ ಮಾಮೂಲು.

ಮಂಜಿಗೆ ಅಂತ ಹೆಚ್ಚುವರಿ ಲೈಟ್ ಹಾಕಿಸುವವರು ಲೆಕ್ಕ ಹಾಕಿ. 55 ವ್ಯಾಟಿನ ಒಂದು ಬಲ್ಬ್ 12 ವೋಲ್ಟಿನಲ್ಲಿ ಸುಮಾರು 4.6 ಆಂಪಿಯರ್ ಎಳೆಯುತ್ತದೆ. 2.5 ಎಎಚ್ ಬ್ಯಾಟರಿ ಅರ್ಧ ಗಂಟೆಗೇ ಮಲಗುತ್ತದೆ. ಚಿಕ್ಕ ಬೈಕಿನ ಮ್ಯಾಗ್ನೆಟ್ ಅಷ್ಟು ಕರೆಂಟ್ ವಾಪಸ್ ತುಂಬಲಾರದು. ಹಾಕಲೇಬೇಕು ಅಂದರೆ ಕಡಿಮೆ ವ್ಯಾಟಿನ ಎಲ್‌ಇಡಿ, ಅದಕ್ಕೆ ಬೇರೆಯೇ ಫ್ಯೂಸ್ ಇರಲಿ.

ಎಲ್ಲೆಲ್ಲೂ ಜಾಯಿಂಟ್ ಕಾಣುವ, ಮುಟ್ಟಿದರೆ ಇನ್ಸುಲೇಶನ್ ಉದುರುವ ಬೈಕಿಗೆ ಪೂರ್ತಿ ವೈರಿಂಗ್ ಕಿಟ್ಟೇ ಬದಲಿಸುವುದು ಒಳ್ಳೆಯದು. ಹಳೇ ಕಿಟ್ ತೆಗೆಯುವ ಮೊದಲು ಪ್ರತಿ ಸಾಕೆಟ್ಟಿನ ಫೋಟೊ ತೆಗೆದುಕೊಳ್ಳಿ, ವೈರಿಗೆ ಚೀಟಿ ಅಂಟಿಸಿ. ಹಳೇ ಕಿಟ್ ಹೋಗಿದ್ದ ದಾರಿಯಲ್ಲೇ ಹೊಸದನ್ನು ಕೂರಿಸಿ. ಟ್ಯಾಂಕ್ ಹಾಕುವ ಮೊದಲೇ ಹ್ಯಾಂಡಲ್ ಎರಡೂ ಕಡೆ ತಿರುಗಿಸುತ್ತಾ ಹಾರ್ನ್, ಇಂಡಿಕೇಟರ್, ಬ್ರೇಕ್ ಲೈಟ್ ಎಲ್ಲ ಪರೀಕ್ಷೆ ಮಾಡಿ. ಟ್ಯಾಂಕ್ ಕೂರಿಸುವಾಗ ಅದರ ಅಂಚಿಗೆ ವೈರ್ ಸಿಕ್ಕಿಕೊಂಡಿಲ್ಲ ಎಂದು ಟಾರ್ಚ್ ಹಾಕಿ ನೋಡಿ, ಆಮೇಲೆ ಬೋಲ್ಟ್ ಬಿಗಿ ಮಾಡಿ.